ಬಾಳೆಯ ಲೆಕ್ಕದಲ್ಲಿ ಬೆಳೆಸಿದ ಆರ್ಕಿಡ್: ಬೆಳಗಾವಿಯ ಒಂದು ಲ್ಯಾಬಿನ ಪ್ರಕರಣ

ಜಾರ್ ತುಂಬ ಹಸಿರು. ಮುಚ್ಚಳಕ್ಕೆ ತಾಗುವಷ್ಟು ಹಸಿರು. ಆದರೆ ಒಂದೂ ಗಿಡವಲ್ಲ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಒಂದು ಸಣ್ಣ ಟಿಶ್ಯೂ ಕಲ್ಚರ್ ಲ್ಯಾಬ್, ಅಂದರೆ ಗಿಡದ ಸಣ್ಣ ತುಂಡಿನಿಂದ ಜಾರ್‌ನೊಳಗೆ ಹೊಸ ಗಿಡ ಮಾಡುವ ಜಾಗ ಇದೆ. ಅಲ್ಲಿ ಮೀಡಿಯಾ, ಅಂದರೆ ಆ ತುಂಡು ಬೆಳೆಯಲು ಜಾರ್‌ಗೆ ಹಾಕುವ ಪೋಷಕಾಂಶದ ಪಾಕ, ತಯಾರಿಸುವ ಕೆಲಸ ನನ್ನದು. ಅವತ್ತು ಗ್ರೋತ್ ರೂಮಿನಲ್ಲಿ ಆರ್ಕಿಡ್ ಜಾರ್ ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾ ನಿಂತಿದ್ದೆ. ವರ್ಷಗಟ್ಟಲೆ ಸಬ್‌ಕಲ್ಚರ್ (ಬೆಳೆದದ್ದನ್ನು ಬಿಡಿಸಿ ಹೊಸ ಮೀಡಿಯಾಕ್ಕೆ ಹಾಕುವುದು) ಮಾಡಿ ಕೈ ಪಳಗಿದ ನಮ್ಮ ಅಕ್ಕ ಪಕ್ಕಕ್ಕೆ ಬಂದು ಕೇಳಿದರು: "ಸರ, ಇವು ಗಿಡ ಆಗ್ತಾವೋ, ಹಿಂಗ ಕಾಳಾಗೇ ಕುಂದರ್ತಾವೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕಲು ಹಿಡಿದ ಸಮಯ, ಆ ದಾರಿಯಲ್ಲಿ ಸಿಕ್ಕ ಎರಡು ತಪ್ಪು, ಎರಡೂ ನನ್ನವೇ. ಅದನ್ನೇ ಇಲ್ಲಿ ಬರೆದಿದ್ದೇನೆ.

ಬಾಳೆಯವರು ನಾವು

ನಮ್ಮ ಲ್ಯಾಬಿನ ಅನ್ನ ಬಾಳೆಯದು. ಜಿ-9 ತಳಿ. ಗೋಕಾಕ, ಮುಧೋಳ, ಜಮಖಂಡಿ ಕಡೆಯ ರೈತರು ಒಯ್ಯುತ್ತಾರೆ. ಬಾಳೆಯ ವಿಧಾನ ನಮಗೆ ಬಾಯಿಪಾಠ. ಕಂದಿನ ತುದಿ ತೆಗೆ, ಎಂಎಸ್ ಎಂಬ ಸಾಮಾನ್ಯ ಮೀಡಿಯಾಕ್ಕೆ ಹಾಕು, ಲೀಟರಿಗೆ 5 ಮಿಲಿಗ್ರಾಂ ಬಿಎಪಿ ಕೊಡು, ತಿಂಗಳಿಗೊಮ್ಮೆ ಮರಿ ಬಿಡಿಸು. ಮರಿ ಸಾಕಾದಾಗ ಬೇರಿನ ಮೀಡಿಯಾಕ್ಕೆ ಕಳಿಸು. ಅಷ್ಟೇ.

ಬಿಎಪಿ ಅಂದರೆ ಬೆಂಜೈಲ್ ಅಮೈನೋ ಪ್ಯೂರಿನ್. ಸೈಟೋಕೈನಿನ್ ಗುಂಪಿನ ಹಾರ್ಮೋನ್. ಮರಿ ಒಡೆಸುವುದು ಇದರ ಕೆಲಸ. ಇದರ ಜೋಡಿ ಆಕ್ಸಿನ್ ಗುಂಪು. ನಾವು ಬಳಸುವುದು ಎನ್‌ಎಎ, ಅಂದರೆ ನ್ಯಾಫ್ತಲೀನ್ ಅಸಿಟಿಕ್ ಆಸಿಡ್. ಬೇರು ಬರಿಸುವುದು ಅದರ ಕೆಲಸ. ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತಂಬಾಕಿನ ಮೇಲೆ ತೋರಿಸಿದ್ದು ಇದನ್ನೇ. ಸೈಟೋಕೈನಿನ್ ಜಾಸ್ತಿ ಇದ್ದರೆ ಚಿಗುರು, ಆಕ್ಸಿನ್ ಜಾಸ್ತಿ ಇದ್ದರೆ ಬೇರು, ಎರಡೂ ಸಮತೂಕದಲ್ಲಿದ್ದರೆ ಬರೀ ಗಡ್ಡೆಯಂಥ ಮುದ್ದೆ. ಟಿಶ್ಯೂ ಕಲ್ಚರ್ ಕಲಿಯುವ ಯಾರಿಗಾದರೂ ಮೊದಲ ವಾರವೇ ಹೇಳಿಕೊಡುವ ಪಾಠ.

ಆರ್ಕಿಡ್ ಮಾಡೋಣ ಎಂದವರು ಮಾಲೀಕರು. ಮದುವೆ ಮಂಟಪಕ್ಕೆ ನೇರಳೆ-ಬಿಳಿ ಬಣ್ಣದ ಡೆಂಡ್ರೋಬಿಯಂ ಹೂವು ನೋಡಿರುತ್ತೀರಿ, ಅಲ್ವಾ? 'ಸೋನಿಯಾ' ಎಂಬ ಮಿಶ್ರತಳಿ. ಥಾಯ್ಲೆಂಡಿನಿಂದ ದೇಶ ದೇಶಕ್ಕೆ ಹೋಗುವ ಹೂವು. ಕೇರಳದಲ್ಲಿ ಮನೆಯ ಹಿತ್ತಲಿನಲ್ಲೂ ಬೆಳೆಯುತ್ತಾರೆ. ಬೆಳಗಾವಿಯ ಹವೆ ತಂಪು, ಮಳೆಗಾಲ ಉದ್ದ. ಇಲ್ಲೇಕೆ ಆಗಬಾರದು ಎಂಬುದು ಅವರ ವಾದ. ವಾದ ತಪ್ಪೇನಲ್ಲ.

"ಜಾಂಬೋಟಿ, ಕಣಕುಂಬಿ ಕಾಡಿನಾಗ ಬೇಕಾದಷ್ಟು ಅದಾವಲ್ಲ, ತಂದರಾತು" ಎಂದು ಸಲಹೆ ಕೊಟ್ಟವರೂ ಇದ್ದರು. ಬೇಡವೇ ಬೇಡ ಎಂದೆ. ಆ ಕಾಡಿನ ಮರಗಳ ಮೇಲೆ ಸೀತಾಳೆ ದಂಡೆ ಆರ್ಕಿಡ್ ನೇತಾಡುವುದನ್ನು ನಾನೂ ನೋಡಿದ್ದೇನೆ. ಒಂದು ಗಿಡ ಕಿತ್ತರೆ ಅದು ಅಲ್ಲಿ ಮತ್ತೆ ಏಳಲು ಎಷ್ಟೋ ವರ್ಷ ಬೇಕು. ಆರ್ಕಿಡ್ ಕುಟುಂಬ ಪೂರ್ತಿಯಾಗಿ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿದೆ. ಕಾಡಿನಿಂದ ಕಿತ್ತು ತರುವುದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಹೂವಿನ ಗಿಡಗಳನ್ನು ನರ್ಸರಿಯಿಂದಲೇ ಕೊಂಡೆವು.

ಬೀಜ ಯಾಕಲ್ಲ?

ಆರ್ಕಿಡ್ ಕಾಯಿ ಒಡೆದರೆ ಹಿಟ್ಟು ಉದುರಿದ ಹಾಗೆ ಬೀಜ ಉದುರುತ್ತದೆ. ಒಂದೇ ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಆದರೆ ಬೀಜದೊಳಗೆ ಬುತ್ತಿ ಇಲ್ಲ. ಜೋಳದ ಕಾಳಿನಲ್ಲಿರುವ ಹಿಟ್ಟಿನಂಥದ್ದು ಇದರಲ್ಲಿ ಇಲ್ಲವೇ ಇಲ್ಲ. ಕಾಡಿನಲ್ಲಿ ಒಂದು ಜಾತಿಯ ಶಿಲೀಂಧ್ರ ಬಂದು ಊಟ ಕೊಟ್ಟರೆ ಮಾತ್ರ ಮೊಳಕೆ. ಫ್ರಾನ್ಸಿನ ನೋಯಲ್ ಬರ್ನಾರ್ಡ್ ಈ ನಂಟನ್ನು 1899ರಲ್ಲಿ ಕಂಡುಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರ ಇಲ್ಲದೆ ಬರೀ ಸಕ್ಕರೆ ಹಾಕಿದ ಮೀಡಿಯಾದಲ್ಲೂ ಬೀಜ ಮೊಳೆಯುತ್ತದೆ ಎಂದು ತೋರಿಸಿದ. ಇವತ್ತಿನ ಆರ್ಕಿಡ್ ಲ್ಯಾಬುಗಳ ಬುನಾದಿ ಅದೇ.

ಮೊಳೆತ ಬೀಜ ನೇರವಾಗಿ ಗಿಡವಾಗುವುದಿಲ್ಲ. ಮೊದಲು ಒಂದು ಹಸಿರು ಗುಂಡಾಗುತ್ತದೆ. ಅದಕ್ಕೆ ಪ್ರೋಟೋಕಾರ್ಮ್ ಎನ್ನುತ್ತಾರೆ. ಆ ಗುಂಡಿನಿಂದ ಎಲೆ, ಆಮೇಲೆ ಬೇರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನು ಇದನ್ನು ಮರೆತದ್ದೇ ಎಡವಟ್ಟಾಯಿತು.

ಸೋನಿಯಾ ಮಿಶ್ರತಳಿ ಆದ್ದರಿಂದ ಬೀಜದಿಂದ ಬಂದ ಮಕ್ಕಳು ತಾಯಿಯ ಹಾಗೆ ಇರುವುದಿಲ್ಲ. ಒಂದೇ ಬಣ್ಣದ ಹೂವು ಬೇಕೆಂದರೆ ತಾಯಿಯ ತುಂಡಿನಿಂದಲೇ ಮಾಡಬೇಕು. 1960ರಲ್ಲಿ ಜಾರ್ಜ್ ಮೊರೆಲ್ ಸಿಂಬಿಡಿಯಂ ಆರ್ಕಿಡ್‌ನ ಚಿಗುರು ತುದಿಯಿಂದ ವೈರಸ್ ಇಲ್ಲದ ಗಿಡ ಮಾಡಲು ಹೋದ. ಆ ತುಂಡು ಪ್ರೋಟೋಕಾರ್ಮ್ ಥರದ್ದೇ ಗುಂಡುಗಳನ್ನು ಕೊಟ್ಟಿತು. ಗುಂಡು ಕತ್ತರಿಸಿದರೆ ಮತ್ತಷ್ಟು ಗುಂಡು. ಇವಕ್ಕೆ ಪಿಎಲ್‌ಬಿ (ಪ್ರೋಟೋಕಾರ್ಮ್ ಲೈಕ್ ಬಾಡಿ) ಎಂದು ಹೆಸರು. ನಮ್ಮ ಲ್ಯಾಬಿನಲ್ಲಿ ಹಸಿರು ಸಾಬೂದಾಣಿ ಎನ್ನುತ್ತೇವೆ.

ಶುರುವಾತು ಚೆನ್ನಾಗಿಯೇ ಇತ್ತು

ಮಳೆಗಾಲದಲ್ಲಿ ಹೊಸ ಚಿಗುರು ಬಂದಾಗ ಕೆಲಸ ಶುರು ಮಾಡಿದೆವು. ಬೆರಳುದ್ದದ ಚಿಗುರು ಕತ್ತರಿಸಿ, ನಲ್ಲಿ ನೀರಿನ ಕೆಳಗೆ ಅರ್ಧ ಗಂಟೆ ಇಟ್ಟು, ಸೋಪಿನ ದ್ರಾವಣ, ಬ್ಲೀಚು, ಕೊನೆಗೆ ಸೋಸಿದ ಗಾಳಿ ಬರುವ ಲ್ಯಾಮಿನಾರ್ ಪೆಟ್ಟಿಗೆಯೊಳಗೆ ಶುದ್ಧ ನೀರಿನಲ್ಲಿ ನಾಲ್ಕೈದು ಸಲ ಜಾಲಿಸಿದೆವು. ಆದರೂ ಸುಮಾರು ಅರ್ಧದಷ್ಟು ಬಾಟಲಿಗೆ ಬೂಸ್ಟು ಬಂತು. ಮಳೆಗಾಲದ ಬೆಳಗಾವಿಯಲ್ಲಿ ಗೋಡೆಗೇ ಬೂಸ್ಟು ಬರುತ್ತದೆ, ಇನ್ನು ಬಾಟಲಿ ಯಾವ ಲೆಕ್ಕ.

ಉಳಿದವುಗಳಲ್ಲಿ ಇನ್ನೊಂದು ತಾಪತ್ರಯ. ಕತ್ತರಿಸಿದ ಜಾಗದಿಂದ ಫಿನಾಲ್ ಎಂಬ ಕಂದು ಬರಿಸುವ ರಸ ಸೋರಿ ಮೀಡಿಯಾ ಕಂದಾಯಿತು. ಎಷ್ಟು ಕಂದು ಅಂದರೆ, ನಮ್ಮೂರ ಕುಂದಾದ ಬಣ್ಣ. ಎರಡು ದಿನಕ್ಕೊಮ್ಮೆ ಹೊಸ ಮೀಡಿಯಾಕ್ಕೆ ಬದಲಿಸಿ, ಕತ್ತಲಲ್ಲಿಟ್ಟು ಉಳಿಸಿಕೊಂಡೆವು.

ಎರಡೂವರೆ ತಿಂಗಳಿಗೆ ಮೊದಲ ಸಾಬೂದಾಣಿ ಕಂಡಿತು. ಲ್ಯಾಬಿನಲ್ಲಿ ಪೇಢೆ ಹಂಚಿದೆವು. ಆಮೇಲೆ ನೋಡಬೇಕಿತ್ತು ಅದರ ಓಟ. ಆರು ವಾರಕ್ಕೊಮ್ಮೆ ಬಿಡಿಸಿದರೆ ಒಂದಕ್ಕೆ ಮೂರು, ಕೆಲವು ಸಲ ನಾಲ್ಕು. ಮೂರೇ ಎಂದು ಹಿಡಿಯಿರಿ. ಎಂಟು ಸುತ್ತಿಗೆ ಒಂದು ಗುಂಡು 6,561 ಆಗುತ್ತದೆ. ಅದೂ ಒಂದೇ ವರ್ಷದಲ್ಲಿ. ಮಾಲೀಕರು ಕ್ಯಾಲ್ಕುಲೇಟರ್ ಹಿಡಿದು ಕೂತರೆ ನಾವೆಲ್ಲ ಸುಮ್ನೆ ನಗುತ್ತಿದ್ದೆವು. ಒಳಗೊಳಗೆ ನನಗೂ ಖುಷಿಯೇ.

ನಾನು ಕೊಡುತ್ತಿದ್ದ ಮೀಡಿಯಾ ಇದು: ಅರ್ಧ ಬಲದ ಎಂಎಸ್, ಲೀಟರಿಗೆ 20 ಗ್ರಾಂ ಸಕ್ಕರೆ, 5 ಮಿಲಿಗ್ರಾಂ ಬಿಎಪಿ, ಅರ್ಧ ಮಿಲಿಗ್ರಾಂ ಎನ್‌ಎಎ. ಒಂದು ಗುಂಪಿನ ಜಾರ್‌ಗಳಿಗೆ ಮಾತ್ರ ಬಿಎಪಿ ಬದಲು ಟಿಡಿಝಡ್, ಅಂದರೆ ಸೈಟೋಕೈನಿನ್‌ನಂತೆ ಕೆಲಸ ಮಾಡುವ ಥಿಡಿಯಾಜುರಾನ್ ಹಾಕಿದ್ದೆ. ಇನ್ನೂ ಜೋರಾಗಿ ಒಡೆಯುತ್ತದೆ ಎಂದು ಕೇಳಿದ್ದೆ. ಒಡೆಯಿತು ಕೂಡ.

ನಿಂತ ಗಾಡಿ

ಐದನೇ ಸುತ್ತಿನ ನಂತರ ಗಿಡ ಮಾಡುವ ಹೊತ್ತು ಬಂತು. ಬಾಳೆಯಲ್ಲಿ ಮಾಡುವ ಹಾಗೆಯೇ ಗುಂಡುಗಳನ್ನು ಬೇರಿನ ಮೀಡಿಯಾಕ್ಕೆ, ಲೀಟರಿಗೆ 1 ಮಿಲಿಗ್ರಾಂ ಎನ್‌ಎಎ ಇರುವಲ್ಲಿಗೆ ಹಾಕಿದೆ. ಆರು ವಾರ ಕಳೆಯಿತು. ಗುಂಡು ಗುಂಡಾಗಿಯೇ ಇತ್ತು. ಕೆಲವಕ್ಕೆ ಮಿಲಿಮೀಟರ್ ಲೆಕ್ಕದ ಎಲೆ, ಗಾಜಿನ ಹಾಗೆ ನೀರು ತುಂಬಿ ಹೊಳೆಯುವಂಥದ್ದು. ಮುಟ್ಟಿದರೆ ಮುರಿಯುವಂಥದ್ದು. ಬೇರು? ಇಲ್ಲ. ಅಲ್ಲೊಂದು ಇಲ್ಲೊಂದು ಮೊಂಡು ಗೂಟ.

ಬೇರು ಬರಲಿಲ್ಲ ಎಂದರೆ ಆಕ್ಸಿನ್ ಸಾಲದು ಎಂದು ಯೋಚಿಸುವುದು ಬಾಳೆಯ ತಲೆ. ಎನ್‌ಎಎ 2ಕ್ಕೆ ಏರಿಸಿದೆ. ಬುಡದಲ್ಲಿ ಮುದ್ದೆ ಬಂತು. ಅಷ್ಟೇ.

ಆಮೇಲೆ ಅನುಮಾನ ಪಡುವ ಕೆಲಸ ಶುರು. ಮೊದಲು ಪಿಎಚ್ ಮೀಟರ್ ಮೇಲೆ. ಹೊಸ ಬಫರ್ ತರಿಸಿ ಹೊಂದಿಸಿದೆ, ಸರಿಯಾಗಿಯೇ ಇತ್ತು. ಆಮೇಲೆ ನೀರಿನ ಮೇಲೆ, ಟ್ಯೂಬ್‌ಲೈಟಿನ ಮೇಲೆ, ಎಸಿ ಮೇಲೆ. ಕೊನೆಗೆ ಹಾರ್ಮೋನ್ ಕರಗಿಸಿಟ್ಟ ಸ್ಟಾಕ್ ಬಾಟಲಿ ಮೇಲೆ. ಬಿಎಪಿ ನೀರಿನಲ್ಲಿ ನೇರವಾಗಿ ಕರಗುವುದಿಲ್ಲ. ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ಆಮೇಲೆ ನೀರು ಸೇರಿಸಬೇಕು. 100 ಮಿಲಿಗ್ರಾಂ ಪುಡಿ, 100 ಮಿಲಿಲೀಟರ್ ನೀರು. ಆಗ ಒಂದು ಮಿಲಿಲೀಟರ್ ಹಾಕಿದರೆ ಲೀಟರಿಗೆ ಒಂದು ಮಿಲಿಗ್ರಾಂ. ಎಲ್ಲೋ ಸೊನ್ನೆ ತಪ್ಪಿದೆಯೇನೋ ಎಂದು ಹೊಸದಾಗಿ ತೂಗಿ ಮಾಡಿದೆ. ಏನೂ ಬದಲಾಗಲಿಲ್ಲ. ತಿಂಗಳೆರಡು ಹೀಗೇ ಹೋಯಿತು.

ಎರಡು ಅಕ್ಷರದ ತಪ್ಪು

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದ ಗೆಳೆಯನೊಬ್ಬ ಇದ್ದಾನೆ. ಫೋನಿನಲ್ಲಿ ಗೋಳು ಹೇಳಿಕೊಂಡೆ. "ಐದು ಅನ್ನೋದು ಎಲ್ಲಿಂದ ಬಂತು?" ಎಂದ. ಡೆಂಡ್ರೋಬಿಯಂ ಬಗ್ಗೆ ಓದಿದ ಲೇಖನದಿಂದ ಎಂದೆ. "ಐದು ಏನು?"

ಪ್ರಿಂಟ್ ತೆಗೆದು ನೋಡಿದೆ. ಐದು ಮೈಕ್ರೋಮೋಲಾರ್ (µM) ಎಂದಿತ್ತು. ಅದು ತೂಕವಲ್ಲ, ಅಣುಗಳ ಎಣಿಕೆಯ ಅಳತೆ. ನಾನು ಹಾಕಿದ್ದು ಐದು ಮಿಲಿಗ್ರಾಂ.

ಲೆಕ್ಕ ಸರಳ. ಬಿಎಪಿಯ ಅಣುತೂಕ 225. ಆದ್ದರಿಂದ ಲೀಟರಿಗೆ 1 ಮಿಲಿಗ್ರಾಂ ಅಂದರೆ 4.44 ಮೈಕ್ರೋಮೋಲಾರ್. ಐದು ಮೈಕ್ರೋಮೋಲಾರ್ ಬೇಕೆಂದರೆ ಹಾಕಬೇಕಾದದ್ದು ಸುಮಾರು 1.13 ಮಿಲಿಗ್ರಾಂ. ನಾನು ಹಾಕಿದ್ದು ನಾಲ್ಕು ಪಟ್ಟಿಗೂ ಮಿಕ್ಕಿ. ಎನ್‌ಎಎಗೆ ಲೆಕ್ಕ ಬೇರೆ, ಅದರ ಅಣುತೂಕ 186, ಒಂದು ಮಿಲಿಗ್ರಾಂ ಅಂದರೆ 5.37. ಆದ್ದರಿಂದ ಎಲ್ಲಕ್ಕೂ ಒಂದೇ ಸಂಖ್ಯೆಯಿಂದ ಭಾಗಿಸಿದರೂ ನಡೆಯುವುದಿಲ್ಲ. ಸಂಶೋಧಕರು ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಬರೆಯುತ್ತಾರೆ. ಬಳಸುವವರ ಕಷ್ಟ ಅವರಿಗೆ ಗೊತ್ತಾಗುವುದಿಲ್ಲ ಎಂದು ಗೊಣಗಿದೆ. ಆದರೆ ಓದದೆ ಬಿಟ್ಟವನು ನಾನು.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ಪ್ರಶ್ನೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳದೆ ಹೇಗೆ ಉಳಿಯಿತು? ಬಾಳೆಗೆ ದಿನಾ ಹಾಕುತ್ತಿದ್ದದ್ದೂ ಐದೇ. ಅದಕ್ಕೇ. ಲೇಖನದಲ್ಲಿ 17 ಎಂದೋ 22 ಎಂದೋ ಇದ್ದಿದ್ದರೆ ತಡೆದು ನೋಡುತ್ತಿದ್ದೆ. ಐದು ಕಂಡಾಗ ಹಳೇ ಪರಿಚಯದವರು ಸಿಕ್ಕ ಹಾಗಾಯಿತು, ಬನ್ನಿ ಎಂದು ಒಳಗೆ ಕರೆದುಬಿಟ್ಟೆ.

ಸರಿ, ಕಾರಣ ಸಿಕ್ಕಿತು ಎಂದುಕೊಂಡೆ. ಬಿಎಪಿ 1.1ಕ್ಕೆ ಇಳಿಸಿದೆ. ಗಾಜಿನಂಥ ಎಲೆ ಕಡಿಮೆಯಾಯಿತು. ಗುಂಡುಗಳ ಬಣ್ಣ ತಿಳಿಯಾಯಿತು. ಆದರೆ ಗಿಡ ಮಾತ್ರ ಏಳಲಿಲ್ಲ! ಗುಂಡು ಮತ್ತೆ ಗುಂಡನ್ನೇ ಹೆರುತ್ತಿತ್ತು, ಸ್ವಲ್ಪ ನಿಧಾನಕ್ಕೆ. ಅಳತೆಯ ತಪ್ಪು ಸರಿಹೋದ ಮೇಲೂ ಕಾಯಿಲೆ ಉಳಿದಿತ್ತು.

ಕೊಡುವುದಲ್ಲ, ನಿಲ್ಲಿಸುವುದು

ಆಗ ಪ್ರೋಟೋಕಾರ್ಮ್ ನೆನಪಾಯಿತು. ಬೀಜದಿಂದ ಬಂದ ಗುಂಡಿಗೆ ಗಿಡವಾಗಲು ಯಾರೂ ಹೊರಗಿನಿಂದ ಹಾರ್ಮೋನ್ ಕೊಡುವುದಿಲ್ಲ. ನಡ್ಸನ್ ಕೊಟ್ಟದ್ದು ಉಪ್ಪು ಮತ್ತು ಸಕ್ಕರೆ. ನಮ್ಮ ಸಾಬೂದಾಣಿಯೂ ಅದೇ ಜಾತಿಯ ಗುಂಡು. ಗಿಡ ಆಗುವುದು ಅದಕ್ಕೆ ಹುಟ್ಟಿನಿಂದ ಗೊತ್ತು. ಸೈಟೋಕೈನಿನ್ ಇರುವವರೆಗೂ ಅದು 'ಇನ್ನೂ ಒಡೆ, ಇನ್ನೂ ಒಡೆ' ಎಂಬ ಮಾತನ್ನಷ್ಟೇ ಕೇಳುತ್ತದೆ. ಬಾಳೆಯ ಮರಿಗೆ ಆಗಲೇ ಕಾಂಡ, ಎಲೆ ಇರುತ್ತದೆ, ಬೇರು ತರಿಸಿದರೆ ಮುಗಿಯಿತು. ಆರ್ಕಿಡ್ ಗುಂಡಿಗೆ ಅವು ಯಾವೂ ಇಲ್ಲ. ಮೊದಲು ಅದನ್ನು ಸುಮ್ನೆ ಬಿಡಬೇಕು.

ಮಾಲೀಕರನ್ನು ಒಪ್ಪಿಸುವುದು ಕಷ್ಟವಾಯಿತು. ಹಾರ್ಮೋನ್ ಪೂರ್ತಿ ತೆಗೆಯೋಣ ಎಂದರೆ, "ಗೊಬ್ಬರ ಬಂದ್ ಮಾಡಿದರ ಬೆಳಿ ಬರತೈತೇನು?" ಎಂದರು. ಅದು ಗೊಬ್ಬರವಲ್ಲ, ಅಪ್ಪಣೆ ಎಂದೆ. ಕೊನೆಗೆ ನಾಲ್ಕು ಥರದ ಮೀಡಿಯಾ, ಒಂದೊಂದಕ್ಕೆ ಹತ್ತು ಜಾರ್, ಒಂದೇ ರ‍್ಯಾಕು ಎಂದು ಒಪ್ಪಂದವಾಯಿತು.

ಮೊದಲನೆಯದು 1.1 ಬಿಎಪಿ ಇರುವ ಹಳೆಯದೇ. ಎರಡನೆಯದರಲ್ಲಿ ಬಿಎಪಿ ಅರ್ಧ ಮಿಲಿಗ್ರಾಂ. ಮೂರನೆಯದರಲ್ಲಿ ಹಾರ್ಮೋನ್ ಇಲ್ಲ, ಲೀಟರಿಗೆ 2 ಗ್ರಾಂ ಸಕ್ರಿಯ ಇದ್ದಿಲು. ನಾಲ್ಕನೆಯದು ಮೂರನೆಯದರಂತೆಯೇ, ಜೊತೆಗೆ 50 ಗ್ರಾಂ ಹಣ್ಣಾದ ಬಾಳೆಯ ತಿರುಳು. ಬಾಳೆ ತಿರುಳು ಹಾಕುವುದು ಆರ್ಕಿಡ್ ಬೆಳೆಯುವವರ ಹಳೇ ರೂಢಿ. ಕೊನೆಗೂ ನಮ್ಮ ಬಾಳೆ ಉಪಯೋಗಕ್ಕೆ ಬಂತು ಎಂದು ಅಕ್ಕ ನಕ್ಕರು.

ಇದ್ದಿಲಿನ ಬಗ್ಗೆ ಒಂದು ಮಾತು. ಅದು ಫಿನಾಲ್ ಹೀರಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾರ್ಮೋನನ್ನೂ ಹೀರಿಕೊಳ್ಳುತ್ತದೆ ಎಂಬುದನ್ನು ಮರೆಯುತ್ತೇವೆ. ಇದ್ದಿಲು, ಬಿಎಪಿ ಎರಡನ್ನೂ ಒಟ್ಟಿಗೆ ಹಾಕಿ ಲೀಟರಿಗೆ ಇಷ್ಟು ಎಂದು ಬರೆದುಕೊಂಡರೆ, ಗಿಡಕ್ಕೆ ಎಷ್ಟು ಸಿಕ್ಕಿತು ಎಂದು ದೇವರೇ ಹೇಳಬೇಕು. ನಮಗೆ ಬೇಕಾಗಿದ್ದದ್ದು ಆ ಹೀರುವ ಗುಣವೇ. ಗುಂಡುಗಳ ಜೊತೆ ಬಂದ ಹಳೇ ಹಾರ್ಮೋನ್ ಸ್ವಲ್ಪವಾದರೂ ಹೊರಹೋಗಲಿ ಎಂದು.

ಎಳನೀರು ಹಾಕೋಣ ಎಂಬ ಸಲಹೆಯೂ ಬಂತು. ಆರ್ಕಿಡ್ ಮೀಡಿಯಾಕ್ಕೆ ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಝಿಯಾಟಿನ್‌ನಂಥ ಸೈಟೋಕೈನಿನ್ ತಾನಾಗಿಯೇ ಇರುತ್ತದೆ. ಮುಂದಿನ ಬಾಗಿಲು ಹಾಕಿ ಹಿಂದಿನ ಬಾಗಿಲು ತೆರೆದ ಹಾಗೆ. ಈ ಪರೀಕ್ಷೆಗೆ ಬೇಡ ಎಂದೆ.

ಮೊದಲ ಮೂರು ವಾರ ಹಾರ್ಮೋನ್ ಇಲ್ಲದ ಜಾರ್‌ಗಳಲ್ಲಿ ಏನೂ ಆಗಲಿಲ್ಲ. ಇದ್ದಿಲಿನ ಕಪ್ಪಿನ ಮೇಲೆ ಹಸಿರು ಚುಕ್ಕಿಗಳು, ಅಷ್ಟೇ. ಮಾಲೀಕರು ದಿನಾ ಬಂದು ಇಣುಕಿ ಹೋಗುತ್ತಿದ್ದರು, ಮಾತಾಡುತ್ತಿರಲಿಲ್ಲ. ಮಾತಾಡಿದ್ದರೇ ಒಳ್ಳೆಯದಿತ್ತು. ನಾಲ್ಕನೇ ವಾರ ಗುಂಡುಗಳ ತುದಿ ಚೂಪಾಯಿತು. ಐದನೇ ವಾರ ಎಲೆ, ಗಾಜಿನಂಥದ್ದಲ್ಲ, ಸರಿಯಾದ ಎಲೆ. ಅದೇ ಮೀಡಿಯಾಕ್ಕೆ ಇನ್ನೊಂದು ಸಲ ಬದಲಿಸಿದ ಮೇಲೆ ಬಾಳೆ ತಿರುಳಿನ ಹತ್ತೂ ಜಾರ್‌ಗಳಲ್ಲಿ ಬೇರು ಕಂಡಿತು. ಬಿಳಿ, ದಪ್ಪ, ತುದಿ ಹಸಿರು. ಬರೀ ಇದ್ದಿಲಿನವು ಸ್ವಲ್ಪ ಹಿಂದೆ. ಎರಡನೆಯ ಗುಂಪಿನಲ್ಲಿ ಅರ್ಧ ಗಿಡ, ಅರ್ಧ ಗುಂಡು. ಮೊದಲನೆಯದು ಇದ್ದಲ್ಲೇ ಇತ್ತು.

ಬೇರಿಗೆಂದು ಆಮೇಲೆ ಎನ್‌ಎಎ ಬೇಕಾದದ್ದು ಹಿಂದುಳಿದ ಕೆಲವಕ್ಕೆ ಮಾತ್ರ, ಅದೂ ಅರ್ಧ ಮಿಲಿಗ್ರಾಂ. ಎರಡು ಮಿಲಿಗ್ರಾಂ ಸುರಿದು ಮುದ್ದೆ ಬರಿಸಿದ ದಿನಗಳು ನೆನಪಾದವು.

ಟಿಡಿಝಡ್ ಗುಂಪಿನ ಕತೆಯೇ ಬೇರೆ. ಬಿಎಪಿಯಂಥವನ್ನು ಗಿಡ ತನ್ನ ಕಿಣ್ವಗಳಿಂದ ಒಂದಿಷ್ಟಾದರೂ ಸುಮ್ಮನಾಗಿಸುತ್ತದೆ. ಟಿಡಿಝಡ್‌ನ ರಚನೆ ಬೇರೆ, ಆ ಕಿಣ್ವಗಳಿಗೆ ಅದು ಸುಲಭಕ್ಕೆ ಜಗ್ಗುವುದಿಲ್ಲ. ಒಳಗೇ ಕೂತು ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಅದನ್ನು ಬಹಳ ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ದಿನ ಮಾತ್ರ ಕೊಡುತ್ತಾರೆ. ನಾನು ಲೀಟರಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಮೂರು ಸುತ್ತು ಕೊಟ್ಟಿದ್ದೆ. ಹಾರ್ಮೋನ್ ಇಲ್ಲದ ಮೀಡಿಯಾಕ್ಕೆ ಮೂರು ಸಲ ಬದಲಿಸಿದರೂ ಹೆಚ್ಚಿನವು ಎದ್ದೇಳಲಿಲ್ಲ. ಎದ್ದ ಕೆಲವು ಎರಡು ಮೂರು ಚಿಗುರು ಅಂಟಿಕೊಂಡು ಚಪ್ಪಟೆಯಾಗಿ ಬಂದವು. ಅವನ್ನು ಮಾರಲು ಮನಸ್ಸಾಗಲಿಲ್ಲ. ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಬೇಯಿಸಿ ತಿಪ್ಪೆಗೆ ಹಾಕಿದೆವು.

ಹೊರಗೆ ಬಂದ ಮೇಲೆ

ಹಾರ್ಡನಿಂಗ್, ಅಂದರೆ ಜಾರ್‌ನ ಗಿಡವನ್ನು ಹೊರಗಿನ ಹವೆಗೆ ಒಗ್ಗಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ತಪ್ಪನ್ನು ಬಿಟ್ಟು. ಮೊದಲ ತಂಡವನ್ನು ಅವಸರಕ್ಕೆ ಏಪ್ರಿಲ್‌ನಲ್ಲಿ ತೆಗೆದೆವು. ಅರ್ಧ ಗಿಡಗಳನ್ನು ಬಾಗಲಕೋಟೆಯ ಗೆಳೆಯ ತನ್ನ ಶೇಡ್‌ನೆಟ್‌ಗೆ ಒಯ್ದ. ಅಲ್ಲಿಯ ಏಪ್ರಿಲ್ ಅಂದರೆ ಗೊತ್ತಲ್ಲ, ಪಾರಾ ನಲವತ್ತರ ಆಸುಪಾಸು, ಒಣ ಗಾಳಿ. ಜಾರ್‌ನೊಳಗೆ ನೂರಕ್ಕೆ ನೂರು ತೇವದಲ್ಲಿ ಬೆಳೆದ ಎಲೆಗೆ ಮೇಣದ ಪದರವೇ ಸರಿಯಾಗಿ ಇರುವುದಿಲ್ಲ. ವಾರದಲ್ಲಿ ಸುರುಟಿ ಹೋದವು. ಬೆಳಗಾವಿಯಲ್ಲಿ ಉಳಿದವೂ ಅರೆಜೀವವಾದವು.

ಎರಡನೇ ತಂಡಕ್ಕೆ ಜೂನ್ ಮಳೆ ಹಿಡಿಯುವವರೆಗೆ ಕಾದೆವು. ಬೇರಿಗೆ ಅಂಟಿದ ಅಗರ್, ಅಂದರೆ ಗಟ್ಟಿಯಾದ ಮೀಡಿಯಾ, ಪೂರ್ತಿ ತೊಳೆಯಬೇಕು. ಅದರಲ್ಲಿ ಸಕ್ಕರೆ ಇರುತ್ತದೆ, ಉಳಿದರೆ ಬೂಸ್ಟಿಗೆ ಹಬ್ಬ. ಲೀಟರಿಗೆ ಒಂದು ಗ್ರಾಂ ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಹಾಕಿದ ನೀರಿನಲ್ಲಿ ಅದ್ದಿ, ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು ತುಂಬಿದ ಟ್ರೇಗಳಲ್ಲಿ ನೆಟ್ಟೆವು. ಮಣ್ಣು ಬೇಡ, ಇವು ಮರದ ಮೇಲೆ ಬಾಳುವ ಜಾತಿ. ಮಳೆಗಾಲದ ಬೆಳಗಾವಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಎಂದರೆ ಫಾಗರ್ ಹಾಕುವ ಕೆಲಸವೇ ಕಡಿಮೆ ಬಿತ್ತು. ಶುರುವಿನಲ್ಲಿ ಬೂಸ್ಟು ತಂದು ಕಾಡಿದ ಅದೇ ಮಳೆ, ಈಗ ಗಿಡ ಸಾಕಿತು. ಹೊಸ ಬೇರು ತೆಂಗಿನ ಸಿಪ್ಪೆಯನ್ನು ತಬ್ಬಿಕೊಂಡ ಮೇಲೆ 19:19:19 ಗೊಬ್ಬರವನ್ನು ತೆಳುವಾಗಿ ಸಿಂಪಡಿಸಲು ಶುರು ಮಾಡಿದೆವು.

ಈ ಗಿಡಗಳು ಹೂ ಬಿಡಲು ಇನ್ನೂ ಸಮಯವಿದೆ. ಬಣ್ಣ ತಾಯಿಯಂತೆಯೇ ಬರುತ್ತದೆಯೇ ಎಂದು ಆಗಲೇ ತಿಳಿಯುವುದು. ಹಾರ್ಮೋನ್ ಜಾಸ್ತಿಯಾದಷ್ಟೂ, ಸುತ್ತು ಜಾಸ್ತಿಯಾದಷ್ಟೂ ತಳಿ ಕೆಡುವ ಸಂಭವ ಹೆಚ್ಚು. ಅದಕ್ಕೇ ಈಗ ಐದು ಸುತ್ತಿಗೆ ನಿಲ್ಲಿಸಿ ತಾಯಿ ಗಿಡದಿಂದ ಮತ್ತೆ ಶುರು ಮಾಡುತ್ತೇವೆ. 6,561ರ ಲೆಕ್ಕವನ್ನು ಮಾಲೀಕರು ಈಗ ಹಾಕುವುದಿಲ್ಲ. ಮೀಡಿಯಾ ಪುಸ್ತಕದಲ್ಲಿ ಎರಡು ಹೊಸ ಕಾಲಂ ಬಂದಿವೆ. ಒಂದರಲ್ಲಿ ಎಷ್ಟನೇ ಸುತ್ತು ಎಂದು. ಇನ್ನೊಂದರಲ್ಲಿ ಪ್ರತಿ ಸಂಖ್ಯೆಯ ಮುಂದೆ ಅದು ಮಿಲಿಗ್ರಾಮೋ ಮೈಕ್ರೋಮೋಲಾರೋ ಎಂದು, ಕೆಂಪು ಪೆನ್ನಿನಲ್ಲಿ.

ಟಿಡಿಝಡ್ ಗುಂಪಿನ ಒಂದು ಜಾರ್ ಮಾತ್ರ ಎಸೆಯದೆ ಮೇಲಿನ ರ‍್ಯಾಕಿನಲ್ಲಿಟ್ಟಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಅದನ್ನು ನೋಡಿ, "ಎಷ್ಟ ಚಂದ ಹಸಿರು ಆಗೇತ್ರಿ, ಇದನ್ಯಾಕ ಬಿಡಿಸಿಲ್ಲ?" ಎಂದು ಕೇಳುತ್ತಾರೆ. ಅಕ್ಕ ನನ್ನ ಕಡೆ ನೋಡುತ್ತಾರೆ.